ನಾಲ್ಕನೇ ಗಾಡಿಯ ದಾರಿ

ದೆವ್ವ ಹಿಡಿದವರನ್ನು ನೀವು ನೋಡಿರಬಹುದು. ದೆವ್ವವನ್ನೇ ಹಿಡಿದವನನ್ನು ನೋಡಿದ್ದೀರಾ? ಇಲ್ಲ ತಾನೇ? ಹಾಗಾದರೆ ಈಗ ಕಣ್ತುಂಬ ನೋಡಿ, ಎದುರಿಗೇ ಇದ್ದೇನೆ. ಕೈಯಲ್ಲಿ ಕತ್ತಿ ಇಲ್ಲ, ಬಾಯಲ್ಲಿ ಮಂತ್ರ ಇಲ್ಲ, ಹಿಂದೆ ಮ್ಯೂಸಿಕ್ ಕೂಡ ಇಲ್ಲ. ಇರುವುದು ಒಂದು ಮೌಸ್, ಅದೂ ಎಡಗಡೆ ಬಟನ್ ಸಡಿಲವಾದದ್ದು. ಅಷ್ಟರಲ್ಲೇ ಒಂದು ಇಡೀ ರಸ್ತೆಯ ದೆವ್ವವನ್ನು ಒಂದೇ ಕ್ಲಿಕ್ಕಿಗೆ ಮುಗಿಸಿದವನು ನಾನು. "ನಾನು ಕ್ಲಿಕ್ ಮಾಡಿದ್ಮೇಲೆ ಅಳಿಸಿದ್ದು ನಾನಲ್ಲ, ಅದರ ಹಣೆಬರಹ" ಎಂಬ ಡೈಲಾಗೂ ನನ್ನದೇ. ಯಾವ ಹೀರೋಗೆ ಬೇಕಾದರೂ ಕೊಡುತ್ತೇನೆ.

ಆಫೀಸಿನಲ್ಲಿ ನನ್ನನ್ನು ಇಂಟರ್ವಲ್ ಎಂದು ಕರೆಯುತ್ತಾರೆ. ಯಾವ ಕೆಲಸ ಕೊಟ್ಟರೂ ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ, ಕುರ್ಚಿ ತಿರುಗಿಸಿ, ಒಂದು ಡೈಲಾಗ್ ಹೊಡೆಯುತ್ತೇನಂತೆ. ಆಫೀಸು ಎಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಬಿಸಿಲೇರಿದರೆ ನೆಲದಿಂದ ರಬ್ಬರ್ ವಾಸನೆ ಎದ್ದು ಬರುತ್ತದೆ. ಅಲ್ಲಿ ಕೂತು ನಾವು ಮಾಡುವುದು ನಿಮಿಷಗಳ ನಕ್ಷೆ. ಒಂದು ಆಂಬುಲೆನ್ಸ್ ತಾನು ನಿಲ್ಲುವ ಶೆಡ್ಡಿನಿಂದ ಹೊರಟರೆ ಯಾವ ಮನೆಗೆ ಎಷ್ಟು ಹೊತ್ತಿಗೆ ಮುಟ್ಟಬಹುದು ಎಂದು ಬಣ್ಣದಲ್ಲಿ ತೋರಿಸುವುದು. ಬೇಗ ಮುಟ್ಟುವ ಕಡೆ ಹಸಿರು, ಸ್ವಲ್ಪ ತಡವಾದರೆ ಹಳದಿ, ಮುಟ್ಟುವಷ್ಟರಲ್ಲಿ ಕಥೆ ಮುಗಿದಿರುತ್ತದೆ ಎನ್ನುವ ಕಡೆ ಕೆಂಪು.

ಕೇಳಲು ಸುಲಭ. ಆದರೆ ಕಂಪ್ಯೂಟರಿಗೆ ನಮ್ಮ ಹಾಗೆ ಕಣ್ಣಿಲ್ಲ. ಎರಡು ರಸ್ತೆಯ ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೆ, "ಇಲ್ಲಿ ದಾರಿಯೇ ಇಲ್ಲ" ಎಂದು ಇಡೀ ಬಡಾವಣೆಯನ್ನು ದ್ವೀಪ ಮಾಡಿಬಿಡುತ್ತದೆ. ಮೇಲ್ಸೇತುವೆಯ ಗೆರೆ ಕೆಳಗಿನ ರಸ್ತೆಗೆ ಅಂಟಿಕೊಂಡರೆ, ಗಾಡಿಯನ್ನು ಸೇತುವೆಯ ಮೇಲಿಂದ ಕೆಳಕ್ಕೆ ಹಾರಿಸಿ ಎರಡು ನಿಮಿಷ ಉಳಿಸುತ್ತದೆ. ಇಂಥ ತಪ್ಪುಗಳನ್ನು ಹುಡುಕಿ ಸರಿಮಾಡುವುದೇ ನನ್ನ ಕೆಲಸ. ನಡುನಡುವೆ ಸ್ವಂತ ಕಲೆಯೂ ಇತ್ತು. ನನ್ನ ಪಕ್ಕದಲ್ಲಿ ಕೂರುವವನೊಬ್ಬ, ಸದಾ ಕೆಟ್ಟದ್ದನ್ನೇ ನುಡಿಯುತ್ತಾನೆಂದು ಜ್ಯೋತಿಷಿ ಎಂದು ಕರೆಸಿಕೊಳ್ಳುವವನು. ನಕ್ಷೆಯಲ್ಲಿ ಅವನ ಮನೆಯನ್ನು ಒಮ್ಮೆ ಕೆರೆಯ ನಡುವಿಗೆ ಸಾಗಿಸಿ, "ಇನ್ಮೇಲೆ ಈಜ್ಕೊಂಡು ಬಾ ಮಗಾ" ಎಂದಿದ್ದೆ. ಅವನು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ.

ಒಂದು ದಿನ ನಮ್ಮ ಟೀಮ್ ಲೀಡ್, ಎಲ್ಲರೂ ಲೀಡಕ್ಕ ಎನ್ನುವವಳು, ನನ್ನ ಪರದೆಯ ಮೇಲೆ ಪೆನ್ನಿನಿಂದ ಕುಟ್ಟಿದಳು.

"ಮಿಲ್ಲಿನ ಆಚೆ ಕಡೆ ನೋಡು. ಪೂರ್ತಿ ಹಸಿರು. ಆರು ನಿಮಿಷ ಅಂತೆ! ನಿಮ್ಮನೆ ಅಲ್ಲೇ ಅಲ್ವೇನೋ?"

"ಹೌದಕ್ಕ. ಆರು ನಿಮಿಷಕ್ಕೆ ನಮ್ಮನೆಗೆ ಸಿಟ್ಟು ಬಂದ ನಮ್ಮತ್ತೆ ಕೂಡ ಬರಕ್ಕಾಗಲ್ಲ."

"ತಮಾಷೆ ಸಾಕು. ಊರಲ್ಲಿ ಹೊಸ ಶೆಡ್ಡು ಕಟ್ಟೋದು ಒಂದೇ ಒಂದು. ಎಲ್ಲಿ ಕೆಂಪಿದೆಯೋ ಅಲ್ಲಿಗೆ ಕೊಡ್ತಾರೆ. ಇದು ಹೀಗೇ ಹಸಿರಾಗಿ ಮೀಟಿಂಗಿಗೆ ಹೋದ್ರೆ ನಿಮ್ಮ ಕಡೆಗೆ ಗಾಡಿ ಈ ಜನ್ಮದಲ್ಲಿ ಬರಲ್ಲ."

ನನ್ನ ತಲೆಗೆ ಬಂದದ್ದು ಅಮ್ಮನ ಉಸಿರು. ಅಮ್ಮನಿಗೆ ಉಬ್ಬಸ. ಬಂದಾಗ ಎದೆಯೊಳಗೆ ಹಳೇ ಬಾಗಿಲು ತೆಗೆದ ಸದ್ದು. ಮಿಲ್ಲಿನ ಕಾಂಪೌಂಡ್ ಸುತ್ತಿ, ರೈಲ್ವೆ ಗೇಟು ದಾಟಿ ನಮ್ಮ ಬೀದಿಗೆ ಗಾಡಿ ಬರಬೇಕೆಂದರೆ ಇಪ್ಪತ್ತು ನಿಮಿಷ, ಅದೂ ಗೇಟು ತೆಗೆದಿದ್ದರೆ.

ಹುಡುಕಿದೆ. ಗೆರೆಗಳೆಲ್ಲ ಸರಿಯಾಗಿ ಸೇರಿಕೊಂಡಿದ್ದವು. ಒನ್‌ವೇಗಳು ಸರಿ, ವೇಗವೂ ಸರಿ. ಕೊನೆಗೆ ಶೆಡ್ಡಿನಿಂದ ನಮ್ಮ ಮನೆಗೆ ದಾರಿ ತೋರಿಸು ಎಂದು ಕಂಪ್ಯೂಟರನ್ನೇ ಕೇಳಿದೆ. ಅದು ಮಿಲ್ಲಿನ ಮುಂದಿನ ಬಾಗಿಲಿನಿಂದ ಒಳಗೆ ಹೋಗಿ, ಹತ್ತಿಯ ಗೋದಾಮುಗಳ ನಡುವೆ ನೇರವಾಗಿ ಓಡಿ, ಹಿಂದಿನ ಗೇಟಿನಿಂದ ನಮ್ಮ ಬೀದಿಗೆ ಇಳಿಯಿತು. ಮಿಲ್ಲು ಮುಚ್ಚಿ ವರ್ಷವಾಗಿತ್ತು. ಮುಂದಿನ ಬಾಗಿಲು ತೆರೆದೇ ಬಿದ್ದಿತ್ತು, ಆದರೆ ಹಿಂದಿನ ಗೇಟು ಇದ್ದ ಜಾಗದಲ್ಲಿ ಈಗ ನನ್ನ ಎರಡರಷ್ಟು ಎತ್ತರದ ಇಟ್ಟಿಗೆ ಗೋಡೆ.

"ಸಿಕ್ಕಿಬಿದ್ಯಾ ವಿಲನ್ನು!" ಎಂದು ಆ ಗೆರೆಯನ್ನು ಅಳಿಸಿದೆ. ನಮ್ಮ ಬಡಾವಣೆ ಕೆಂಪಾಯಿತು. ನಮ್ಮನೆ ಕೆಂಪಾದದ್ದಕ್ಕೆ ಕುಣಿದವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಸೋಮವಾರ ಬಂದು ನೋಡಿದರೆ ರಸ್ತೆ ಮತ್ತೆ ಅಲ್ಲೇ ಇತ್ತು. ಹಸಿರು, ಹೊಸ ಹುಲ್ಲಿನ ಹಾಗೆ.

ಲೀಡಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಇಂಟರ್ವಲ್, ನಿಜ ಹೇಳು. ನಿನ್ನ ತರ್ಲೆನಾ ಇದು?"

"ಅಕ್ಕಾ, ಈ ಇಂಟರ್ವಲ್ ತರ್ಲೆ ಮಾಡಿದ್ರೆ ಎದುರಿಗೇ ನಿಂತು ಚಪ್ಪಾಳೆ ಕೇಳ್ತಾನೆ. ಬೆನ್ನ ಹಿಂದೆ ಮಾಡೋ ಜಾಯಮಾನ ಅಲ್ಲ ಇದು."

"ಅವನ ಮೇಲೆ ನಂಬಿಕೆ ಇಡ್ಬೇಡಿ ಅಕ್ಕ," ಎಂದ ಜ್ಯೋತಿಷಿ. "ನನ್ನ ಮನೆ ಇನ್ನೂ ಒದ್ದೆಯಾಗೇ ಇದೆ."

ಲೀಡಕ್ಕನೇ ಮೂಲ ಹುಡುಕಿದಳು. ನಮ್ಮ ಕಂಪ್ಯೂಟರು ಪ್ರತಿ ಸೋಮವಾರ ಬೆಳಿಗ್ಗೆ ಊರಿನ ಆಂಬುಲೆನ್ಸ್‌ಗಳು ಇದುವರೆಗೆ ಓಡಾಡಿದ ಜಾಡನ್ನೆಲ್ಲ ಓದುತ್ತದೆ. ಗಾಡಿಯೊಳಗಿನ ಪುಟ್ಟ ಪೆಟ್ಟಿಗೆ ಬಿಟ್ಟುಹೋದ ಚುಕ್ಕೆಗಳು ಅವು. ಗಾಡಿ ಓಡಿದೆ ಎಂದರೆ ಅಲ್ಲಿ ರಸ್ತೆ ಇರಲೇಬೇಕು ಎಂದು ನಂಬಿ ಗೆರೆ ಎಳೆಯುತ್ತದೆ. ಅಂದರೆ ಮಿಲ್ಲಿನೊಳಗೆ ಯಾವುದೋ ಗಾಡಿ ಓಡಿದೆ. ಲೀಡಕ್ಕ ಆ ಜಾಡನ್ನು ತೆರೆದಳು. ಒಂದು ಚುಕ್ಕೆ ಶೆಡ್ಡಿನಿಂದ ಹೊರಟು ಮಿಲ್ಲಿನೊಳಗೆ ನುಗ್ಗಿತು. ಹಿಂದಿನ ಗೇಟಿನ ಮುಂದೆ ಕ್ಷಣ ತಡೆಯಿತು. ಆಮೇಲೆ ನಮ್ಮ ಬೀದಿಗೆ ಇಳಿದು, ನಮ್ಮ ಮನೆಯ ಮೂಲೆಯಲ್ಲಿ ನಿಂತಿತು. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ನಿಂತು, ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಮೇಲೆ ಗಾಡಿಯ ನಂಬರು ಇತ್ತು: ನಾಲ್ಕು.

ಲೀಡಕ್ಕ ನನ್ನ ಮುಖ ನೋಡಲಿಲ್ಲ. ನಾಲ್ಕನೇ ಗಾಡಿ ಓಡಿಸುತ್ತಿದ್ದವನು ನಮ್ಮಣ್ಣ. ಮಿಲ್ಲಿನ ಹಿಂದಿನ ಗೇಟಿನ ಹತ್ತಿರ ಬಂದಾಗ ಹಾರನ್ ಎರಡು ಸಲ ಚಿಕ್ಕದಾಗಿ ಬಾರಿಸುತ್ತಿದ್ದ, ಪೀಪ್ ಪೀಪ್. ವಾಚ್‌ಮನ್ ಅವನೊಬ್ಬನಿಗೇ ಗೇಟು ತೆಗೆಯುತ್ತಿದ್ದ. ಆ ಸದ್ದು ಕೇಳಿದರೆ ಅಮ್ಮ ಒಲೆಯ ಮೇಲೆ ಟೀಗೆ ಇಡುತ್ತಿದ್ದಳು. ಹೋದ ವರ್ಷ ಒಂದು ಜ್ವರ ಬಂತು, ಅಣ್ಣ ಹೋದ. ಊರನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸಿದವನು ತಾನು ಆಟೋದಲ್ಲಿ ಹೋದ.

"ನೀನು ಟೀ ಕುಡ್ಕೊಂಡು ಬಾ," ಎಂದಳು ಲೀಡಕ್ಕ ಮೆಲ್ಲಗೆ. "ನಾನೇ ತೆಗೀತೀನಿ."

ಅವಳು ಗೆರೆಯನ್ನೂ ನಾಲ್ಕನೇ ಗಾಡಿಯ ಜಾಡನ್ನೂ ಎರಡನ್ನೂ ತೆಗೆದಳು. ಬಡಾವಣೆ ಕೆಂಪಾಯಿತು.

ಮುಂದಿನ ಸೋಮವಾರ ಅದು ಮತ್ತೆ ಹಸಿರಾಗಿತ್ತು. ಜಾಡೂ ವಾಪಸ್ ಬಂದು ಕೂತಿತ್ತು. ಮತ್ತೆ ತೆಗೆದಳು, ಮತ್ತೆ ಬಂತು.

ಈಗ ಆಫೀಸಿನಲ್ಲಿ ಯಾರೂ ನಗಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ, ಫ್ಯಾನ್ ನಿಂತು, ಬ್ಯಾಟರಿಯಲ್ಲಿ ಉರಿಯುತ್ತಿದ್ದ ನನ್ನ ಪರದೆ ಒಂದೇ ಕತ್ತಲ ಕೋಣೆಯಲ್ಲಿ ಹೊಳೆಯುತ್ತಿತ್ತಂತೆ. ನಾನು ಕೆಳಗೆ ಟೀ ಅಂಗಡಿಯಲ್ಲಿದ್ದೆ. ವಾಪಸ್ ಬಂದಾಗ ಜ್ಯೋತಿಷಿ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಚುಕ್ಕೆ ಓಡಾಡ್ತಿತ್ತು ಕಣೋ," ಎಂದ. "ಮೌಸ್ ಯಾರೂ ಮುಟ್ಟಿರ್ಲಿಲ್ಲ. ತಾನಾಗೇ ಹೊರಟು, ನಿಮ್ಮನೆ ಹತ್ರ ನಿಂತ್ಕೊಂಡು, ಮತ್ತೆ ಹೊರಟು..."

"ಡ್ಯೂಟಿ ಮುಗ್ದಿಲ್ಲ ಅನ್ಸತ್ತೆ," ಎಂದೆ.

ಆ ವಾರವೇ ಎಡವಟ್ಟು ದೊಡ್ಡದಾಯಿತು. ಪರೀಕ್ಷೆಗೆಂದು ನಮ್ಮ ಸೋಮವಾರ ಬೆಳಿಗ್ಗೆಯ ನಕ್ಷೆಯನ್ನು, ಲೀಡಕ್ಕ ಆ ಗೆರೆ ತೆಗೆಯುವ ಮೊದಲೇ, ಗಾಡಿಗಳ ಪರದೆಗೆ ಹಾಕಿದ್ದರು. ಭಾನುವಾರ ಮಧ್ಯಾಹ್ನ, ಊಟವಾಗಿ ಪಾತ್ರೆ ತೊಳೆಯುತ್ತಿದ್ದ ಅಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ಕೂತುಬಿಟ್ಟಳು. ಬಾಯಿಗೆ ಉಬ್ಬಸದ ಸ್ಪ್ರೇ ಹಾಕಿದೆ, ಮತ್ತೆ ಹಾಕಿದೆ, ಆಗಲಿಲ್ಲ. ತುಟಿ ನೀಲಿಗೆ ತಿರುಗುತ್ತಿತ್ತು. ಫೋನ್ ಮಾಡಿದೆ. "ಆರು ನಿಮಿಷದಲ್ಲಿ ಇರ್ತೀವಿ" ಎಂದರು. ಆ ಆರು ಯಾವ ದಾರಿಯದೆಂದು ನನಗೆ ಹೊಳೆಯುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಹೇಳಿದಂತೆಯೇ ಸೈರನ್ ಬಂತು. ನಮ್ಮ ಬೀದಿಯಲ್ಲಿ ಅಲ್ಲ, ಗೋಡೆಯ ಆಚೆ. ಹತ್ತಿರ ಬಂತು, ಇನ್ನೂ ಹತ್ತಿರ ಬಂದು, ಗೋಡೆಗೆ ಆನಿಕೊಂಡು ಅಳುವ ಹಾಗೆ ನಿಂತುಬಿಟ್ಟಿತು. ಆಮೇಲೆ ಸೈರನ್ ನಿಂತು, ಹಾರನ್ನು. ಪೀಪ್ ಪೀಪ್.

ಅಮ್ಮ ಕಣ್ಣು ಬಿಟ್ಟಳು. ನನ್ನ ತೋಳು ಹಿಡಿದಳು. ಅಷ್ಟು ಬಲ ಎಲ್ಲಿತ್ತೋ!

"ದೊಡ್ಡೋನು... ಬಂದ," ಎಂದಳು. "ಗೇಟು ತೆಗಿಯೋ."

ಓಡಿದೆ. ಗೋಡೆಯ ಪಕ್ಕದ ಮೀಟರ್ ಪೆಟ್ಟಿಗೆ ಹತ್ತಿ, ಕೈ ತರಚಿಕೊಂಡು ತಲೆ ಮೇಲೆತ್ತಿದೆ. ಆಚೆ ಬಿಸಿಲಲ್ಲಿ ಒಡೆದ ಕಿಟಕಿಗಳ ಗೋದಾಮು, ಮೊಣಕಾಲುದ್ದ ಹುಲ್ಲು, ನಡುವೆ ಬಿಳಿ ಗಾಡಿ. ಕಿಟಕಿಯಿಂದ ಒಂದು ಕೈ ಮಾತ್ರ ಹೊರಗಿತ್ತು, ಅಣ್ಣನ ಹಾಗೇ ಗಡಿಯಾರ ಕಟ್ಟಿದ ಕೈ. ಒಂದು ಉಸಿರಿನ ಹೊತ್ತು, ನಿಜ ಹೇಳಬೇಕೆಂದರೆ, ನಾನೂ ಅಣ್ಣಾ ಎಂದು ಕೂಗಲು ಬಾಯಿ ತೆರೆದಿದ್ದೆ.

ಕೈಯ ಹಿಂದೆ ಮುಖ ಬಂತು. ಹೊಸ ಡ್ರೈವರು, ಮೀಸೆ ಸರಿಯಾಗಿ ಬಂದಿರಲಿಲ್ಲ.

"ಯಾರಾದ್ರೂ ಗೇಟ್ ತೆಗೀತಾರೇನೋ ಅಂತ ಹಾರನ್ ಮಾಡ್ದೆ ಅಣ್ಣಾ!" ಎಂದು ಕೂಗಿದ. "ಮ್ಯಾಪಲ್ಲಿ ರೋಡಿದೆ, ಇಲ್ಲಿ ಗೋಡೆ ಇದೆ! ಯಾವ ಬಡ್ಡಿಮಗ ಮಾಡಿದ್ದು ಇದನ್ನ?"

ನಾನು ರಸ್ತೆಯ ಕಡೆಗೆ ಕೈ ತೋರಿಸಿದೆ.

"ಸುತ್ಕೊಂಡ್ ಬಾ," ಎಂದೆ. "ರೈಲ್ವೆ ಗೇಟ್ ಕಡೆಯಿಂದ. ಬೇಗ."

ಅವನು ಸುತ್ತಿಕೊಂಡು ಬರುವವರೆಗೆ ಅಮ್ಮನ ಬೆನ್ನು ನೀವುತ್ತ ಕೂತೆ. ಅವಳು ಒಂದೊಂದೇ ಉಸಿರನ್ನು ಬಾವಿಯಿಂದ ಸೇದುವ ಹಾಗೆ ಎಳೆಯುತ್ತಿದ್ದಳು, ಬಾಗಿಲನ್ನೇ ನೋಡುತ್ತಿದ್ದಳು. ಗಾಡಿ ಬಂತು, ಬಾಯಿಗೆ ಆಮ್ಲಜನಕ ಹಿಡಿದರು. ಅಮ್ಮ ಉಳಿದಳು. ಗಾಡಿ ಹತ್ತಿಸುವಾಗ ಡ್ರೈವರ್ ಸೀಟಿನ ಕಡೆಗೆ ಒಮ್ಮೆ ಕತ್ತು ತಿರುಗಿಸಿ, ನೋಡಿ, ಕಣ್ಣು ಮುಚ್ಚಿಕೊಂಡಳು.

ಆಮೇಲೆ ಏನಾಯಿತು ಎಂದು ಆಫೀಸಿನಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ಒಂದೇ ಕ್ಲಿಕ್ಕಿಗೆ ದೆವ್ವದ ರಸ್ತೆಯನ್ನು ಅಳಿಸಿದೆ. ಮುಂದಿನ ಸೋಮವಾರ ಅದು ಬರಲಿಲ್ಲ, ಅದರ ಮುಂದಿನ ಸೋಮವಾರವೂ ಬರಲಿಲ್ಲ. ಮೀಟಿಂಗಿನಲ್ಲಿ ನಮ್ಮ ಬಡಾವಣೆಯ ಕೆಂಪು ನೋಡಿದ ದೊಡ್ಡವರು, "ಇಷ್ಟು ದಿನ ಇದು ಯಾಕೆ ಕಾಣ್ಲಿಲ್ಲ?" ಎಂದು ಕೇಳಿ, ಹೊಸ ಶೆಡ್ಡನ್ನು ನಮ್ಮ ಕಡೆಗೇ ಬರೆದರು. ಜ್ಯೋತಿಷಿ ನನಗೆ ಟೀ ಕೊಡಿಸಿದ. ಕಥೆ, ಚಿತ್ರಕಥೆ, ಸಂಭಾಷಣೆ ಎಲ್ಲ ನನ್ನದೇ.

ಇಲ್ಲಿಗೆ ಪರದೆ ಎಳೆದಿದ್ದರೆ ನೀವು ಶಿಳ್ಳೆ ಹೊಡೆದು ಎದ್ದು ಹೋಗುತ್ತಿದ್ದಿರಿ. ಆದರೆ ನಾನು ಇಂಟರ್ವಲ್ ತಾನೇ? ಉಳಿದರ್ಧ ಹೇಳಿಬಿಡುತ್ತೇನೆ.

ಮೊದಲ ಸಲ ಆ ರಸ್ತೆ ತಾನಾಗಿಯೇ ಬಂದದ್ದು ನಿಜ. ಆಮೇಲೆ ಬಂದದ್ದೆಲ್ಲ ನನ್ನ ಕೈಯಿಂದ. ಲೀಡಕ್ಕ ಜಾಡನ್ನು ತೆಗೆಯುವ ಮೊದಲೇ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ. ವಾರದ ಕೊನೆಗೆ ಎಲ್ಲರೂ ಹೋದ ಮೇಲೆ ವಾಪಸ್ ಇಡುತ್ತಿದ್ದೆ. ಜ್ಯೋತಿಷಿ ಕಂಡ ಚುಕ್ಕೆಯೂ ನಾನೇ ಓಡಲು ಬಿಟ್ಟದ್ದು, ನಿಲ್ಲಿಸಲು ಮರೆತು ಕೆಳಗೆ ಇಳಿದಿದ್ದೆ. ದಿನಾ ಊಟದ ಹೊತ್ತಿನಲ್ಲಿ ಅದನ್ನು ನೋಡುತ್ತಿದ್ದೆ. ಹಂಪ್ ಬಂದರೆ ನಿಧಾನವಾಗುತ್ತಿತ್ತು, ಶಾಲೆ ಬಂದರೆ ಇನ್ನೂ ನಿಧಾನ. ಅಣ್ಣ ಓಡಿಸುತ್ತಿದ್ದದ್ದೇ ಹಾಗೆ. ಆ ಹಸಿರು ಇರುವವರೆಗೆ ಅವನು ಮನೆಯಿಂದ ಆರು ನಿಮಿಷ ದೂರದಲ್ಲಿದ್ದ. ಮೀಟಿಂಗಿಗೆ ಮುಂಚೆ ತೆಗೆದರಾಯಿತು ಎಂದುಕೊಂಡಿದ್ದೆ. ಗಾಡಿಗಳ ಪರದೆಗೆ ಹಾಕುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ಇದನ್ನೆಲ್ಲ ಆಸ್ಪತ್ರೆಯ ಮಂಚದ ಪಕ್ಕ ಕೂತು ಅಮ್ಮನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ದಿಂಬಿಗೆ ಒರಗಿ ಎದ್ದು ಕೂತಳು.

"ನಂಗೊಂದ್ಸಲ ತೋರ್ಸು," ಎಂದಳು.

ಲ್ಯಾಪ್‌ಟಾಪನ್ನು ಅವಳ ಹೊದಿಕೆಯ ಮೇಲೆ ಇಟ್ಟೆ. ಚುಕ್ಕೆ ಹೊರಟಿತು. ಗೇಟಿನ ಹತ್ತಿರ ತಡೆದಾಗ ಅಮ್ಮನ ತುಟಿ ಅಲುಗಿತು. ನಮ್ಮ ಮನೆಯ ಮೂಲೆಯಲ್ಲಿ ಚುಕ್ಕೆ ನಿಂತಾಗ, "ಅವತ್ತು ಸಕ್ಕರೆ ಜಾಸ್ತಿ ಆಯ್ತು ಅಂದಿದ್ದ," ಎಂದಳು. ಯಾವತ್ತು ಎಂದು ನಾನು ಕೇಳಲಿಲ್ಲ. ಚುಕ್ಕೆ ವಾಪಸ್ ಹೋಗುವವರೆಗೂ ನೋಡಿದಳು.

"ಹೂಂ. ಅಳ್ಸು ಈಗ."

ಬೆರಳು ಮೌಸಿನ ಸಡಿಲ ಬಟನ್ನಿನ ಮೇಲಿಟ್ಟೆ. ಒತ್ತಲಾಗಲಿಲ್ಲ. ಒಂದೇ ಕ್ಲಿಕ್ಕಿಗೆ ಮುಗಿಸಿದವನು ನಾನು ಎಂದೆನಲ್ಲ, ಅದು ಸುಳ್ಳು. ನನ್ನ ಮೂಗು ಸೋರುತ್ತಿತ್ತು.

"ಅವನ ದಾರೀಲಿ ಬೇರೆಯವ್ರು ಬರಕ್ಕಾಗಲ್ಲ ಮಗನೆ," ಎಂದಳು ಅಮ್ಮ. ಸೂಜಿ ಚುಚ್ಚಿದ್ದ ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು, ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು, ಅವಳೇ ಒತ್ತಿದಳು.