ನಾಲ್ಕನೇ ಗೇರಿನ ಪಂಚಾಯಿತಿ

ನಮ್ಮ ಕಾರಿನ ಮುಂದಿನ ಸೀಟಿನಲ್ಲಿ, ಡ್ರೈವರ್ ಪಕ್ಕ ಕೂರುವವರಿಗೆ ಒಂದು ಕೆಲಸವಿತ್ತು. ನಾಲ್ಕನೇ ಗೇರು ಬಿದ್ದ ಕೂಡಲೇ ಗೇರಿನ ಕಡ್ಡಿಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದು ಕೂರಬೇಕು. ಕೈ ಬಿಟ್ಟರೆ ಗೇರು ಟಕ್ಕೆಂದು ಜಾರಿ ನ್ಯೂಟ್ರಲ್‌ಗೆ ಬರುತ್ತದೆ, ಎಂಜಿನ್ ಸುಮ್ಮನೆ ಅರಚುತ್ತದೆ, ಅದರ ಜೊತೆಗೆ ನನ್ನ ಗಂಡ ವೇಣುವೂ ಅರಚುತ್ತಾರೆ. ಮೂರು ವರ್ಷ ಆ ಕೆಲಸ ನನ್ನದೇ. ಸಂಬಳವಿಲ್ಲ, ರಜೆಯಿಲ್ಲ.

ಅದನ್ನು ಶಿಕ್ಷೆ ಎಂದರೂ ಸರಿಯೇ. ಗೇರು ಕೆಡಿಸಿದವಳು ನಾನು ಎಂದು ಮನೆಯಲ್ಲಿ ತೀರ್ಪಾಗಿತ್ತು. ಮೂರು ವರ್ಷದ ಹಿಂದೆ ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಹಿಂದಿನ ಖಾಲಿ ಲೇಔಟಿನಲ್ಲಿ ವೇಣು ನನಗೆ ಎರಡು ಭಾನುವಾರ ಕಾರು ಕಲಿಸಿದ್ದರು. ಮುಂದಿನ ತಿಂಗಳೇ ನಾಲ್ಕನೇ ಗೇರು ಜಾರತೊಡಗಿತು. "ಕಲಿಯೋರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ?" ಎಂದು ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಅತ್ತೆ ಗಂಗುಲಮ್ಮ ಆ ಸುದ್ದಿಯನ್ನು ಗೌರಿಬಿದನೂರಿನ ನೆಂಟರಿಗೆಲ್ಲ ಫೋನಿನಲ್ಲಿ ಹಂಚಿದರು. ನಾನು ಹಟ ಬಿಡದೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿದೆ. ಅದು ಬೀರುವಿನಲ್ಲಿ ಸೀರೆಗಳ ನಡುವೆ ಮಲಗಿತ್ತು.

ಈ ಜೂನ್‌ನಲ್ಲಿ ನನಗೆ ಚಿಂತಾಮಣಿ ರಸ್ತೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಬಸ್ಸು ಕ್ರಾಸಿನಲ್ಲಿ ಇಳಿಸುತ್ತದೆ, ಅಲ್ಲಿಂದ ಎರಡೂವರೆ ಕಿಲೋಮೀಟರ್ ನಡೆಯಬೇಕು. ವೇಣು ಕೆಲಸ ಮಾಡುವ ಆಫೀಸು ಮನೆಯಿಂದ ನಾಲ್ಕು ಹೆಜ್ಜೆ. ಕಾರು ಇಡೀ ದಿನ ಹೊಂಗೆ ಮರದ ಕೆಳಗೆ ಕಾಗೆಗಳ ಸೇವೆಗೆ ನಿಂತಿರುತ್ತದೆ. "ನಾನು ತಗೊಂಡು ಹೋಗ್ತೀನ್ರೀ" ಎಂದರೆ, "ಉಳಿದಿರೋ ಗೇರ್‌ಗಳನ್ನೂ ಕಳೀಬೇಕಾ?" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಏನು ಹೇಳುವುದು? ತಪ್ಪು ನನ್ನದೇ ಎಂದು ನಾನೂ ನಂಬಿದ್ದೆ.

ಕೊನೆಗೊಂದು ದಿನ ಗೇರು ನನ್ನ ಕೈಗೂ ಬಗ್ಗದಾಯಿತು. ಎಷ್ಟು ಅದುಮಿ ಹಿಡಿದರೂ ಜಾರುವುದೇ. ಚಿಂತಾಮಣಿಯ ಮೆಕ್ಯಾನಿಕ್ ಕೋನಪ್ಪನ ಹತ್ತಿರ ಗೇರ್ ಬಾಕ್ಸ್ ಇಳಿಸುವುದೆಂದು ವೇಣು ಒಪ್ಪಿದರು. ಹಿಂದಿನ ದಿನ ನಾನು ಗುಟ್ಟಾಗಿ ಕೋನಪ್ಪನಿಗೆ ಫೋನ್ ಮಾಡಿ, ಬಿಚ್ಚಿ ನೋಡಿದರೆ ಯಾರು ಕೆಡಿಸಿದ್ದು ಅಂತ ಗೊತ್ತಾಗುತ್ತದೆಯೇ ಎಂದು ಕೇಳಿದೆ.

"ಗಂಡ ಹೆಂಡ್ತಿ ಸುಳ್ಳು ಹೇಳ್ಬೋದು ಮೇಡಂ, ಗೇರ್ ಬಾಕ್ಸ್ ಹೇಳಲ್ಲ" ಎಂದು ಅವನು ನಕ್ಕ. "ಆದ್ರೆ ನಿಮ್ದೇ ತಪ್ಪು ಅಂತ ಬಂದ್ರೆ ನನ್ನ ಬೈಬಾರ್ದು ಮತ್ತೆ."

ಪಂಚಾಯಿತಿ ಎಂದ ಮೇಲೆ ಜನ ಬೇಕು. "ಚಿಂತಾಮಣಿ ಮಾರ್ಕೆಟ್‌ನಲ್ಲಿ ಟೊಮ್ಯಾಟೊ ತುಂಬಾ ಅಗ್ಗವಂತೆ ಅತ್ತೆ" ಎಂದು ಒಂದು ಮಾತು ಹಾಕಿದೆ. ಬೆಳಗ್ಗೆ ನೋಡಿದರೆ ಎರಡು ಚೀಲ ಹಿಡಿದು ಅತ್ತೆ ನಮಗಿಂತ ಮೊದಲೇ ಕಾರಿನಲ್ಲಿ ಕೂತಿದ್ದರು. ಮೂರನೇ ಗೇರಿನಲ್ಲೇ ಕುಂಟುತ್ತಾ ಹೋದೆವು.

ಮಧ್ಯಾಹ್ನದ ಹೊತ್ತಿಗೆ ಗೇರ್ ಬಾಕ್ಸ್ ಗ್ಯಾರೇಜಿನ ನೆಲದ ಮೇಲೆ, ಗೋಣಿತಾಟಿನ ಮೇಲೆ ಕೂತಿತ್ತು. ಅದರಿಂದ ಇಳಿಸಿದ ಆಯಿಲ್ ಕಾಡಿಗೆಯಷ್ಟು ಕಪ್ಪಗಿತ್ತು. ಕೋನಪ್ಪ ಬೋಲ್ಟುಗಳನ್ನು ಬಿಚ್ಚುತ್ತಿರುವಾಗ ನಾನು ಮೆಲ್ಲಗೆ, "ರೀ, ಒಂದು ವೇಳೆ ನಾನು ಕೆಡಿಸಿದ್ದಲ್ಲ ಅಂತ ಗೊತ್ತಾದ್ರೆ?" ಎಂದೆ.

"ಗೊತ್ತಾದ್ರೆ ಕೀಲಿ ನಿಂದೇ ಕಣೇ! ದಿನಾ ಸ್ಕೂಲ್‌ಗೆ ತಗೊಂಡು ಹೋಗು."

"ಅತ್ತೆ, ಕೇಳಿಸ್ಕೊಂಡ್ರಾ?"

"ಕೇಳಿಸ್ತಮ್ಮ. ನೀನಲ್ದೆ ಇನ್ಯಾರು ಕೆಡಿಸ್ತಾರೆ, ದೆವ್ವಾನಾ?" ಎಂದರು ಅತ್ತೆ.

ಅವರನ್ನು ಮಾತಿಗೆ ಸಿಕ್ಕಿಸಿದ್ದೇನೋ ಹೌದು. ಆದರೆ ಬಾಕ್ಸ್ ನನ್ನ ವಿರುದ್ಧ ಹೇಳಿದರೆ ಆ ಎರಡೂವರೆ ಕಿಲೋಮೀಟರ್ ನನಗೆ ಕಾಯಂ.

ಕೋನಪ್ಪ ಒಳಗಿನಿಂದ ಎರಡು ಕೊಂಬಿನ ಲೋಹದ ತುಂಡುಗಳನ್ನು ತೆಗೆದು ಬಟ್ಟೆಯಲ್ಲಿ ಒರೆಸಿ ಸಾಲಾಗಿ ಇಟ್ಟ. "ಇವು ಫೋರ್ಕು ಸಾರ್. ಗೇರನ್ನ ಅದರ ಜಾಗಕ್ಕೆ ತಳ್ಳೋದು ಇವೇ. ಇದು ಒಂದು-ಎರಡಕ್ಕೆ. ನೋಡಿ, ಹೊಸದಿದ್ದಂಗಿದೆ. ಇದು ಮೂರು-ನಾಲ್ಕಕ್ಕೆ." ಆ ಎರಡನೆಯದರ ಒಂದು ಬದಿ ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿಯಂತೆ ಸವೆದುಹೋಗಿತ್ತು. "ಮೇಡಂ ಕಲೀವಾಗ ಯಾವ ಗೇರ್ ತನಕ ಹಾಕಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಕ್ಕುಬಿಟ್ಟರು. "ಇವಳಾ? ನಾನು ಹಿಂದೆ ಕೂತಿದ್ದೆನಲ್ಲಪ್ಪ. ಎಮ್ಮೆ ನಮ್ಮನ್ನ ದಾಟ್ಕೊಂಡು ಹೋಯ್ತು! ಎರಡರ ಮೇಲೆ ಹಾಕೋಕೆ ನನ್ನ ಮಗ ಬಿಟ್ರೆ ತಾನೆ!"

"ಎಲ್ಲಾ ಒಂದೇ ಡಬ್ಬ ತಾನೆ ಕೋನಪ್ಪ" ಎಂದರು ವೇಣು ಅವಸರದಿಂದ. "ಒಂದು ಕಡೆ ಏಟು ಬಿದ್ರೆ ಇನ್ನೊಂದು ಕಡೆ ಕೆಡುತ್ತೆ."

"ಇಲ್ಲ ಸಾರ್, ಅದರ ಪಾಡು ಅದಕ್ಕೆ. ಇದು ಏಟಲ್ಲ, ಸವೆತ. ಓಡಿಸ್ವಾಗ ಗೇರ್ ಮೇಲೆ ಸುಮ್ನೆ ಕೈ ಇಟ್ಕೊಂಡಿದ್ರೆ ಫೋರ್ಕು ಹಗಲೆಲ್ಲಾ ಉಜ್ಜುತ್ತೆ. ಗಾಡಿ ಓಡಿಸ್ವಾಗ ನಿಮ್ಮ ಎಡಗೈ ಎಲ್ಲಿರುತ್ತೆ ಸಾರ್?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವೇಣು ಎಡಗೈಯನ್ನು ತಟಕ್ಕನೆ ಪ್ಯಾಂಟಿನ ಜೇಬಿಗೆ ಸೇರಿಸಿದರು. ಅತ್ತೆಗೆ ಅದು ಅರ್ಥವಾಗಲಿಲ್ಲ. ಮಗನ ಡ್ರೈವಿಂಗ್ ಹೊಗಳಲು ಸಿಕ್ಕ ಅವಕಾಶ ಬಿಡುವ ಜೀವವೂ ಅಲ್ಲ.

"ಇನ್ನೆಲ್ಲಿರುತ್ತೆ, ಗೇರ್ ಮೇಲೇನೇ! ಒಂದು ಕೈ ಸ್ಟೇರಿಂಗು, ಒಂದು ಕೈ ಗೇರು. ಕಾರ್ ತಂದ ದಿನದಿಂದ್ಲೂ ನಮ್ಮ ವೇಣು ರಾಜನಂಗೆ ಓಡಿಸ್ತಿದ್ದ. ಇವಳು ಕೆಡಿಸಿದ್ಮೇಲೇ ಕಣಪ್ಪ ಅವನಿಗೆ ಕೈ ಇಡೋಕೆ ಜಾಗ ಇಲ್ದಂಗಾಗಿದ್ದು."

ಕೋನಪ್ಪ ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು. ಅತ್ತೆ ಮಗನ ಮುಖ ನೋಡಿದರು, ಸವೆದ ಫೋರ್ಕನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯೋ ದೇವುಡಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡರು.

ಸಂಜೆ ಐದಕ್ಕೆ ಹೊಸ ಫೋರ್ಕು, ಹೊಸ ಆಯಿಲ್ ಕಂಡು ಗೇರ್ ಬಾಕ್ಸ್ ಮತ್ತೆ ಕಾರಿಗೆ ಏರಿತು. ನಾನು ಕೀಲಿಗೆ ಕೈ ಚಾಚಿದೆ.

"ಇವತ್ತು ಟ್ರಾಫಿಕ್ ಜಾಸ್ತಿ ಕಣೇ. ನಾಳೆಯಿಂದ..."

"ವೇಣೂ" ಎಂದರು ಅತ್ತೆ. ಟೊಮ್ಯಾಟೊ ಚೀಲಗಳನ್ನು ಮಗನ ಎರಡೂ ಕೈಗೆ ಕೊಟ್ಟು ತಾವು ಮುಂದಿನ ಸೀಟಿನಲ್ಲಿ ಕೂತರು. "ಹಿಂದೆ ಹತ್ತಪ್ಪ."

ಊರು ದಾಟಿ ನಾಲ್ಕನೇ ಗೇರಿಗೆ ಹಾಕಿದೆ. ಕೈ ತೆಗೆದೆ. ಅದು ಇದ್ದಲ್ಲೇ ಇತ್ತು. ಖುಷಿಯಾಗುತ್ತದೆ ಎಂದುಕೊಂಡಿದ್ದೆ, ಮೊದಲು ಬಂದದ್ದು ಸಿಟ್ಟು. ಮೂರು ವರ್ಷ, ಮಾಡದ ತಪ್ಪಿಗೆ ತಲೆ ತಗ್ಗಿಸಿ ಕೂತಿದ್ದೆನಲ್ಲ! ಖುಷಿ ಆಮೇಲೆ, ಹಿಪ್ಪುನೇರಳೆ ತೋಟಗಳ ನಡುವೆ ಎಲ್ಲೋ ಬಂತು. ಹಿಂದಿನಿಂದ ವೇಣು, "ನಿಧಾನ, ನಿಧಾನ" ಎನ್ನುತ್ತಲೇ ಇದ್ದರು. ಅತ್ತೆ, "ಎಮ್ಮೆ ಬಂದ್ರೆ ಹೇಳ್ತೀನಿ, ಹೋಗಮ್ಮ ನೀನು" ಎಂದರು.

ಮನೆ ಬಂತು. ಮದುವೆಯಾದಾಗಿನಿಂದ ಕಾರು ಬಂದು ನಿಂತರೆ ಇಳಿದು ಗೇಟು ತೆಗೆಯುವವಳು ನಾನು. ನಿಲ್ಲಿಸಿದೆ. ಇಳಿಯಲಿಲ್ಲ. ಎರಡು ಸಲ ಹಾರ್ನ್ ಹೊಡೆದೆ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬಾಗಿಲು ತೆರೆದ ಸದ್ದಾಯಿತು.