ಒಟ್ಟು, ಹಾಜರು, ಗೈರು

ನಾನು ಒಂದು ಕರಿಹಲಗೆ. ನನ್ನ ಓದು ನಾಲ್ಕನೇ ತರಗತಿಯವರೆಗೆ ಮಾತ್ರ. ಅದಕ್ಕಿಂತ ಹೆಚ್ಚಿನದನ್ನು ನನ್ನ ಮೇಲೆ ನಾನಿದ್ದ ಹಳ್ಳಿಯ ಶಾಲೆಯಲ್ಲಿ ಯಾರೂ ಬರೆಯಲಿಲ್ಲ. ಮಾತು ಒರಟಾದರೆ ಸಹಿಸಿಕೊಳ್ಳಿ. ಸಹಿಸದಿದ್ದರೂ ನನಗೇನೂ ನಷ್ಟವಿಲ್ಲ.

ಗಾಳಿಗೆ ಬಿದ್ದ ಬೇವಿನ ಮರವೊಂದರಿಂದ ನಾನು ಹುಟ್ಟಿದೆ. ಬಡಿಗೇರ ಮೌನೇಶ ಅದನ್ನು ಕೊಯ್ದು, ಹಲಗೆಗಳನ್ನು ಜೋಡಿಸಿ, ಹಿಂದೆ ಅಡ್ಡಪಟ್ಟಿ ಬಡಿದು ನನ್ನನ್ನು ಮಾಡಿದ. "ಇದರ ಮ್ಯಾಲ ಎತ್ತು ನಿಂತರೂ ಮುರಿಯೂದಿಲ್ರಿ" ಎಂದು ಶಾಲೆಗೆ ಕೊಡುವಾಗ ಹೇಳಿದ. ಬರೆಯುವ ಹಲಗೆಯ ಮೇಲೆ ಎತ್ತು ಯಾಕೆ ನಿಲ್ಲಬೇಕು ಎಂದು ತಿಪ್ಪಯ್ಯ ಮಾಸ್ತರರು ನಕ್ಕರು.

ಶನಿವಾರ ಬಂತೆಂದರೆ ಮಕ್ಕಳು ಇದ್ದಿಲು ಮತ್ತು ತೊಂಡೆಸೊಪ್ಪು ಹಾಕಿ ನನ್ನನ್ನು ತಿಕ್ಕುತ್ತಿದ್ದರು. ಅವರ ಮೈಕೈಯೆಲ್ಲ ಕಪ್ಪಾಗುತ್ತಿತ್ತು, ನಾನು ಮಿಂಚುತ್ತಿದ್ದೆ. ನನ್ನ ಬಲಮೂಲೆಯಲ್ಲಿ ಮಾಸ್ತರರು ದಿನಾ ಮೂರು ಮಾತು ಬರೆಯುತ್ತಿದ್ದರು: ಒಟ್ಟು, ಹಾಜರು, ಗೈರು. ಹತ್ತಿ ಬಿಡಿಸುವ ಕಾಲದಲ್ಲಿ ಅರ್ಧ ಶಾಲೆ ಹೊಲದಲ್ಲಿರುತ್ತಿತ್ತು. ಅಂಥದೇ ಒಂದು ದಿನ ಮೇಲಿನ ಸಾಹೇಬರು ಬಂದಾಗಲೂ ಮಾಸ್ತರರು ಗೈರನ್ನು ಕಡಿಮೆ ಮಾಡಿ ಬರೆಯಲಿಲ್ಲ. ಬೈಸಿಕೊಂಡರು, ಅಷ್ಟೇ.

ಒಂದು ಮಳೆಗಾಲ ಹುಲಿಗೆಮ್ಮ ಎಂಬ ಹುಡುಗಿ ಜ್ವರ ಬಂದು ಸತ್ತಳು. ಮರುದಿನ ಮಾಸ್ತರರು ಅವಳನ್ನು ಗೈರಿನಲ್ಲಿ ಸೇರಿಸಲಿಲ್ಲ. ಒಟ್ಟಿನಿಂದ ಒಂದು ಕಳೆದರು. ಆಮೇಲೆ ಸೀಮೆಸುಣ್ಣ ಕೈಯಲ್ಲೇ ಹಿಡಿದು ಕುರ್ಚಿಯ ಮೇಲೆ ಕೂತರು. ಆ ದಿನ ಪಾಠ ನಡೆಯಲಿಲ್ಲ.

ಮುಂದೆ ಶಾಲೆಗೆ ಹಸಿರು ಬೋರ್ಡು ಬಂತು. ನನ್ನನ್ನು ಮೂಲೆಗೆ ಆನಿಸಿಟ್ಟರು. ಕೋಣೆ ರಿಪೇರಿಗೆ ಬಂದ ಗುತ್ತಿಗೆದಾರ ಹಳೇ ಕಟ್ಟಿಗೆಯ ಜೊತೆ ನನ್ನನ್ನೂ ಟ್ರ್ಯಾಕ್ಟರಿಗೆ ಹೇರಿದ. ಹೀಗೆ ನಾನು ಸೇರಿದ್ದು ತಾಲೂಕು ಊರಿನ ಹೊರಗೆ ಹತ್ತಿ ಗೋದಾಮು ಕಟ್ಟುತ್ತಿದ್ದ ಜಾಗಕ್ಕೆ. ಅಲ್ಲಿನ ಪ್ರಾಜೆಕ್ಟ್ ಮ್ಯಾನೇಜರ್ ಕುಲಗೋಡ ಸಾಹೇಬ ನನ್ನನ್ನು ಕಂಡವನೇ ಆಫೀಸಿನ ತಗಡಿನ ಗೋಡೆಗೆ ಎರಡು ಮೊಳೆಯಿಂದ ಬಡಿಸಿದ.

ನನ್ನ ಮೈಮೇಲೆ ಬಣ್ಣದಿಂದ ಚೌಕ ಚೌಕ ಮನೆಗಳನ್ನು ಎಳೆದ. ಒಂದೊಂದು ಮನೆಗೆ ಒಬ್ಬೊಬ್ಬ ಮೇಸ್ತ್ರಿಯ ಹೆಸರು. ಬೆಳಿಗ್ಗೆ ಎಲ್ಲರೂ ಸೇರಿದ ಮೇಲೆ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಮನೆಗೆ ತಾವೇ ಸೀಮೆಸುಣ್ಣ ತಿಕ್ಕಬೇಕು. ಹೇಳಿದ ಕೆಲಸ ಮುಗಿದಿದ್ದರೆ ಬಿಳಿ, ಹಿಂದೆ ಬಿದ್ದಿದ್ದರೆ ಕೆಂಪು. ಬಿಳಿಯವರಿಗೆ ಚಹಾ ಮೊದಲು. ಕೆಂಪಿನವರು ಉಳಿದವರೆಲ್ಲ ಕುಡಿದು ಲೋಟ ಇಡುವ ತನಕ ನನ್ನ ಪಕ್ಕದಲ್ಲಿ ನಿಲ್ಲಬೇಕು. ಆಮೇಲೆ ಸಾಹೇಬ ನನ್ನ ಫೋಟೋ ತೆಗೆದು ಹೆಡ್ ಆಫೀಸಿಗೆ ಕಳಿಸುತ್ತಿದ್ದ. ಮೇಲೆ ಎಲ್ಲೋ ಅವನ ಹೆಸರಿಗೂ ಒಂದು ಮನೆ ಇತ್ತಂತೆ, ಅದಕ್ಕೂ ಬಿಳಿ ಬೇಕಿತ್ತಂತೆ. ಇರಲಿ. ಅವನು ಕಟ್ಟಡ ನೋಡಿದ್ದಕ್ಕಿಂತ ನನ್ನನ್ನು ನೋಡಿದ್ದೇ ಹೆಚ್ಚು.

ಅಲ್ಲಿದ್ದವರಲ್ಲಿ ಹಿರಿಯ ಮೌಲಾಸಾಬ. ಸೆಂಟ್ರಿಂಗ್ ಮೇಸ್ತ್ರಿ, ಛಾವಣಿಗೆ ಕಾಂಕ್ರೀಟು ಸುರಿಯುವ ಮೊದಲು ಅದನ್ನು ಹೊರುವ ಹಲಗೆ, ಕಂಬ ಕೂರಿಸುವ ಕೆಲಸ. ಗಾರೆ ಮೇಸ್ತ್ರಿ ಯಂಕೋಬನೂ ಸೇರಿ ಅರ್ಧ ಜನ ಅವನ ಕೈಕೆಳಗೇ ಕೆಲಸ ಕಲಿತವರು. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಛಾವಣಿ ಹಾಕಬೇಕಿದ್ದ ವಾರ ಉಸ್ತಾದನ ಮನೆ ದಿನವೂ ಕೆಂಪಾಯಿತು.

"ಹಲಗಿ ಸಾಲವಲ್ವು ಸಾಹೇಬ್ರ. ಇದ್ದಾವು ಲಡ್ಡಾಗ್ಯಾವ, ಭಾರ ತಡಿಯೂದಿಲ್ಲ. ಹೊಸಾವು ತರಸ್ರಿ."

"ಕಥಿ ಬ್ಯಾಡ ಮೌಲಾ. ಬಣ್ಣ ಹಚ್ಚು."

ಬಣ್ಣ ಹಚ್ಚಿ ನನ್ನ ಪಕ್ಕ ನಿಂತ. ಅವನ ಬೆವರಿನ ಅಂಗಿ ನನಗೆ ತಾಗುತ್ತಿತ್ತು. ಆಗ ಯಂಕೋಬ ಲೋಟದಿಂದ ಬಾಯಿ ತೆಗೆದು, "ಉಸ್ತಾದ್, ನಿಮ್ಮ ಚಹಾ ಆರಾಕತ್ತೈತಿ ನೋಡ್ರಿ" ಎಂದ. ಎಲ್ಲರೂ ನಕ್ಕರು. ಸಾಹೇಬನ ಬೈಗುಳಕ್ಕೆ ಅಲುಗದಿದ್ದವನು ಆ ನಗುವಿಗೆ ತಲೆ ತಗ್ಗಿಸಿದ.

ಮರುದಿನ ಬೆಳಿಗ್ಗೆ ಹೊಸ ಹಲಗೆ ಒಂದೂ ಬಂದಿರಲಿಲ್ಲ. ಮೌಲಾಸಾಬ ಬಂದು ಬಿಳಿ ಸೀಮೆಸುಣ್ಣ ಎತ್ತಿಕೊಂಡ. ಮನೆ ತುಂಬ ತಿಕ್ಕಿದ. ಸಾಹೇಬ ಎದ್ದು ತನ್ನ ಕೈಯಾರೆ ಚಹಾ ಕೊಟ್ಟ. ಮೌಲಾಸಾಬ ಅದನ್ನು ಕುಡಿಯದೆ ಮೇಜಿನ ಮೇಲೆ ಇಟ್ಟು ಕೆಲಸಕ್ಕೆ ಹೋದ.

ಬಿಳಿ ಕಂಡ ಮೇಲೆ ತಡ ಯಾಕೆ? ಆ ದಿನವೇ ಕಾಂಕ್ರೀಟು ಸುರಿದರು. ಹಾಕಿದ ಹಲಗೆ ಎಂಥದ್ದೆಂದು ಮೌಲಾಸಾಬನಿಗೆ ಗೊತ್ತಿತ್ತು. ಸುರಿಯುವುದನ್ನು ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ಬೆಳಿಗ್ಗೆ ತಾನೇ ಬಿಳಿ ತಿಕ್ಕಿದ್ದ. ಅದಕ್ಕೆ ಉಳಿದವರನ್ನು ಹೊರಗೆ ಕಳಿಸಿ, ಬೆಣೆ ಬಿಗಿ ಮಾಡಿ ಬರುತ್ತೇನೆಂದು ಒಬ್ಬನೇ ಛಾವಣಿಯ ಕೆಳಗೆ ಹೋದ. ನಾನು ಆಫೀಸಿನ ಗೋಡೆಯ ಮೇಲಿದ್ದೆ, ಕಾಣಲಿಲ್ಲ. ಮರ ಸೀಳಿದ ಸದ್ದು ಮಾತ್ರ ಕೇಳಿತು. ಮರದ ಸದ್ದು ನನಗೆ ತಿಳಿಯುತ್ತದೆ. ಆಮೇಲೆ ಕಾಂಕ್ರೀಟು ಕಲಸುವ ಮೆಷಿನ್ನು ನಿಂತಿತು, ಹೆಂಗಸರು ಕೂಗಿಕೊಂಡರು.

ಮರುದಿನ ಕುಲಗೋಡ ಸಾಹೇಬ ಎಲ್ಲರಿಗಿಂತ ಮೊದಲು ಬಂದ. ಒದ್ದೆ ಬಟ್ಟೆಯಿಂದ ಮೌಲಾಸಾಬನ ಬಿಳಿ ಒರೆಸಿದ. ಆ ಜಾಗದಲ್ಲಿ ಬರೆದ: ಗೈರು. ನಿನ್ನೆಯ ತಾರೀಖು ಹಾಕಿ ಫೋಟೋ ತೆಗೆದು, ನಿನ್ನೆ ಕಳಿಸಿದ್ದರ ಬದಲು ಇದನ್ನು ಇಟ್ಟುಕೊಳ್ಳಿ ಎಂದು ಹೆಡ್ ಆಫೀಸಿಗೆ ಕಳಿಸಿದ. ಕೆಲಸಕ್ಕೇ ಬಾರದವನು ಹೇಳದೆ ಕೇಳದೆ ಒಳಗೆ ನುಗ್ಗಿ ಸತ್ತರೆ ಕಂಪನಿ ಏನು ಮಾಡೀತು ಎಂದು ಫೋನಿನಲ್ಲಿ ಯಾರಿಗೋ ಹೇಳಿದ.

ನನ್ನ ಮೇಲೆ ಆ ಮಾತನ್ನು ಎಷ್ಟೋ ಸಲ ಬರೆದಿದ್ದಾರೆ. ಅದು ಸುಳ್ಳಾದದ್ದು ಅದೇ ಮೊದಲು. ಕೈಯಿದ್ದಿದ್ದರೆ ಆ ಬಟ್ಟೆ ಕಿತ್ತುಕೊಂಡು ಅವನ ಮುಖ ಒರೆಸುತ್ತಿದ್ದೆ.

ಕಾಂಕ್ರೀಟು ಹೊರುವ ದುರುಗವ್ವ ಓದಿಸಿಕೊಂಡು ತಿಳಿದು ಬಾಗಿಲಿಗೆ ಬಂದಳು.

"ಯಾರ್ರೀ ಗೈರು? ಅವನ ಬಾಯಾಗಿನ ಸಿಮೆಂಟು ತಗದಾಕಿ ನಾನು."

ಸಾಹೇಬ ಅವಳ ಕಡೆ ನೋಡಲಿಲ್ಲ, ನಾಳೆಯಿಂದ ಬರಬೇಡ ಎಂದ. ಅವಳು ಪುಟ್ಟಿಯನ್ನು ಅವನ ಮೇಜಿನ ಮೇಲೆ ಕವುಚಿ ಹೋದಳು.

ಮೇಸ್ತ್ರಿಗಳು ಸಾಲಾಗಿ ನಿಂತಿದ್ದರು. ಯಂಕೋಬ ಮುಂದೆ ಬಂದು ಸೀಮೆಸುಣ್ಣ ಹಿಡಿದ. ಗೈರು ಎಂಬುದನ್ನು ಓದಿದ. ಆಮೇಲೆ ತನ್ನ ಮನೆಗೆ ಬಿಳಿ ತಿಕ್ಕಿದ. ಚಹಾ ಅವನಿಗೇ ಮೊದಲು ಬಂತು. ಕುಡಿದ.

ಗೋದಾಮು ಎದ್ದಿತು. ಆಫೀಸು ಬಿಚ್ಚಿದರು. ನನ್ನ ಅಡ್ಡಪಟ್ಟಿ ಕಿತ್ತು, ಹಲಗೆ ಹಲಗೆ ಬೇರೆ ಮಾಡಿ, ಸೆಂಟ್ರಿಂಗ್ ಸಾಮಾನಿಗೆ ಸೇರಿಸಿದರು. ಈಗ ನನ್ನ ಮೇಲೆ ಯಾರೂ ಬರೆಯುವುದಿಲ್ಲ. ಊರೂರು ತಿರುಗಿ, ಹಸಿ ಕಾಂಕ್ರೀಟು ಹೊತ್ತು, ಅದು ಗಟ್ಟಿಯಾದ ಮೇಲೆ ಕೆಳಗಿಳಿಯುತ್ತೇನೆ. ಅಂಚು ಸವೆದಿದೆ, ಮೊಳೆಯ ತೂತು ತುಂಬ ಇವೆ. ಆದರೂ ನಾನು ಬಾಗಿಲ್ಲ. ಮೌನೇಶ ಹೇಳಿದ ಮಾತು ನಿಜ.

ಆ ವಾರವೆಲ್ಲ ಮೌಲಾಸಾಬ ಹಲಗೆ ಬೇಕೆಂದು ಕೇಳಿದ್ದು ನನ್ನ ಮುಂದೆಯೇ ನಿಂತು. ನನ್ನನ್ನು ಇಳಿಸಿ ಅವನ ಕೈಗೆ ಕೊಡಲು ಎರಡು ಮೊಳೆ ಕಿತ್ತಿದ್ದರೆ ಸಾಕಿತ್ತು.