ಕೆಳಗುಳಿದ ಕುರ್ಚಿ

ಮುರಿಗೆಪ್ಪನ ಚಳಿಗಾಲದ ಕೋಟಿನ ಒಳಜೇಬಿನಲ್ಲಿ ನಾಲ್ಕು ಹಾಳೆಗಳು ಮಡಚಿಕೊಂಡು ಕೂತು ಮೂರು ತಿಂಗಳಾಗಿತ್ತು. ಅವು ಅವನವಲ್ಲ. ಅದೇ ಕಟ್ಟಡದ ಮೂರನೆಯ ಮಹಡಿಯ ವಿನೆಟ್ ಡೇಕರ್ಸ್ ಎಂಬ ಹೆಂಗಸಿನವು. ಕೊಟ್ಟು ಬರಲು ಲಿಫ್ಟಿನಲ್ಲಿ ಎಂಟು ಮಹಡಿ ಇಳಿದರೆ ಸಾಕಿತ್ತು. ಅವನು ಇಳಿಯಲಿಲ್ಲ. ನಾಳೆ ಹೋದರಾಯಿತು ಅಂದುಕೊಂಡ, ಆಕೆಯೇ ಕರೆಯಲಿ ಅಂದುಕೊಂಡ, ನಾನೇನು ಮಾಡಬಾರದ್ದು ಮಾಡಿದೆ ಅಂದುಕೊಂಡ. ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಕಟ್ಟಡದ ಮುಂದೆ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚುತ್ತಿದ್ದಾಗ ಹೆಂಡತಿ ಕೋಕಿಲಾ ಸ್ವೆಟರೂ ಇಲ್ಲದೆ ಹೊರಗೆ ಓಡಿ ಬಂದಳು.

“ವಿನೆಟ್ಟಕ್ಕ ಹೋದಳಂತ್ರೀ. ಆಸ್ಪತ್ರ್ಯಾಗ. ನ್ಯುಮೋನಿಯಾ ಆಗಿತ್ತಂತ.”

ಮುರಿಗೆಪ್ಪ ಬಕೆಟ್ಟು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಬಾಗಿಲಿಂದ ರಸ್ತೆಯವರೆಗಿನ ಇಳಿಜಾರಿಗೆ ಉಪ್ಪು ಹಾಕಿ ಮುಗಿಸಿದ. ಆ ಇಳಿಜಾರು ಇದ್ದದ್ದೇ ಆಕೆಯ ದೆಸೆಯಿಂದ.

ಹದಿನಾರು ವರ್ಷದ ಹಿಂದೆ ಅವನು ಪರದೇಶದ ನಾರ್ತ್ ಯಾರ್ಕಿನ ಈ ಕಟ್ಟಡಕ್ಕೆ ರಿಪೇರಿ ಕೆಲಸಕ್ಕೆ ಸೇರಿದಾಗ ಬಾಗಿಲ ಮುಂದೆ ನಾಲ್ಕು ಮೆಟ್ಟಿಲಿದ್ದವು. ವಿನೆಟ್ ಜಮೈಕಾದಲ್ಲಿ ಹುಟ್ಟಿದವಳು. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಕಾಲು ಹೋದವು. ಬ್ಯಾಟರಿ ಹಾಕಿದ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದಳು, ಓಡಾಡಲು ಬಿಡದವರ ಜೊತೆ ಜಗಳವಾಡುತ್ತಿದ್ದಳು. ಹಾಗೆ ಜಗಳವಾಡಿಯೇ ಆ ವರ್ಷ ಮೆಟ್ಟಿಲ ಜಾಗದಲ್ಲಿ ಇಳಿಜಾರು ಮಾಡಿಸಿದಳು. ಒಮ್ಮೆ ತಾನು ಹೊರಗೆ ಹೋಗಿದ್ದಾಗ ಲಿಫ್ಟು ಕೆಟ್ಟು ಸರಿಹೋಗದಿದ್ದಾಗ ಕಾಲ ಮೇಲೆ ಕಂಬಳಿ ಹೊದ್ದು, ಕೊರಳಿಗೆ ರಟ್ಟಿನ ಬೋರ್ಡು ನೇತುಹಾಕಿಕೊಂಡು ಕೆಳಗಿನ ಲಾಬಿಯಲ್ಲೇ ಎರಡು ದಿನ ಕೂತಳು. ಪತ್ರಿಕೆಯವರು ಬಂದರು. ಮ್ಯಾನೇಜರು ಮುರಿಗೆಪ್ಪನ ಮೇಲೆ ಹಾರಾಡಿದ.

“ಈ ಕರೀ ಹೆಂಗಸಿಗೆ ಮಾಡಾಕ ಬ್ಯಾರೆ ಉದ್ಯೋಗ ಇಲ್ಲ,” ಎಂದು ಮುರಿಗೆಪ್ಪ ಮನೆಗೆ ಬಂದು ಬೂಟು ಎಸೆದಿದ್ದ.

“ಲಿಫ್ಟ್ ಇಲ್ಲಂದ್ರ ನಿಮ್ಮ ಮಗಳು ಹ್ಯಾಂಗ ಇಳೀತಾಳ?” ಎಂದಳು ಕೋಕಿಲಾ. ಮಗಳು ಮಾನ್ಯಾ ಹುಟ್ಟುವಾಗಲೇ ಉಸಿರು ಕಟ್ಟಿ ಕೈಕಾಲು ಸ್ವಾಧೀನ ಕಡಿಮೆಯಾದವಳು.

“ನಾ ಸತ್ತೇನೇನ? ಎತ್ತಿಕೊಂಡು ಇಳಸ್ತೇನಿ.”

ಇಳಿಸಿದ್ದ ಕೂಡ, ಹನ್ನೊಂದು ಮಹಡಿ. ಆ ತೋಳುಗಳ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಮಾನ್ಯಾಗೆ ಒಂಬತ್ತು ವರ್ಷವಾದಾಗ ಹತ್ತಿರದ ಶಾಲೆಯವರು, ಇವಳ ತರಗತಿ ಮಹಡಿಯ ಮೇಲಿದೆ, ನಮ್ಮಲ್ಲಿ ಲಿಫ್ಟಿಲ್ಲ, ಒಂದು ಗಂಟೆ ಬಸ್ಸಿನಲ್ಲಿ ಬೇರೆ ಶಾಲೆಗೆ ಕಳಿಸಿ ಎಂದರು. ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎಂದು ಮುರಿಗೆಪ್ಪ ರುಜು ಹಾಕಲು ತಯಾರಾದ. ಕೋಕಿಲಾ ಬಟ್ಟೆ ಒಗೆಯುವ ಕೋಣೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ವಿನೆಟ್ ನೋಡಿದಳು. ಕೇಳಿದಳು. ಮರುದಿನ ಶಾಲೆಯ ಸಭೆಗೆ ಇವರ ಜೊತೆ ತಾನೂ ಬಂದಳು. ಮೇಜಿನ ಸುತ್ತ ಕೂತ ಒಬ್ಬೊಬ್ಬರನ್ನೂ, “ಈ ಬೆಳಿಗ್ಗೆ ನೀವು ಎಷ್ಟು ನಿಮಿಷ ಬಸ್ಸಿನಲ್ಲಿ ಕೂತಿದ್ದಿರಿ?” ಎಂದು ಕೇಳಿದಳು. ಉತ್ತರ ಬರುವವರೆಗೆ ಸುಮ್ಮನೆ ಕಾದಳು. ಕೊನೆಗೆ ಹೇಳಿದಳು: “ಹುಡುಗಿ ಮೇಲೆ ಬರಲಾಗದಿದ್ದರೆ ತರಗತಿ ಕೆಳಗೆ ಬರಲಿ.”

ಮೂರನೆಯ ಸಭೆಗೆ ತರಗತಿ ಕೆಳಗೆ ಬಂತು. ಆವತ್ತಿನಿಂದ ಮುರಿಗೆಪ್ಪನಿಗೆ ಆಕೆ ವಿನೆಟ್ಟಕ್ಕ. ಅವಳ ಇಂಗ್ಲಿಷು ಜಮೈಕಾದ್ದು, ಇವನದು ಬಾಗಲಕೋಟೆಯದು. ಇಬ್ಬರೂ ಅರ್ಧ ಅರ್ಧ ತಿಳಿದುಕೊಂಡು ಹತ್ತು ವರ್ಷ ಮಾತಾಡಿದರು. ಅವಳ ಮನೆಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಜನ ಸೇರುತ್ತಿದ್ದರು, ಎಲ್ಲರೂ ಕಪ್ಪು ಜನ, ಎಲ್ಲರಿಗೂ ಏನಾದರೊಂದು ಊನ. ಬೇರೆಯೇ ಗುಂಪು ಯಾಕೆ ಎಂದು ಅವನು ಒಮ್ಮೆ ಕೇಳಿದ್ದ.

“ಅಂಗವಿಕಲರ ಸಭೆಗೆ ಹೋದರೆ ಅಲ್ಲಿ ಕಪ್ಪು ಮುಖ ನನ್ನದೊಂದೇ. ನಮ್ಮ ಕಪ್ಪು ಜನರ ಸಭೆಗೆ ಹೋದರೆ ಅದು ಮೆಟ್ಟಿಲ ಮೇಲೆ. ಎಲ್ಲಿ ಹೋಗಲಿ ಹೇಳು? ಅದಕ್ಕೇ ನನ್ನ ಮನೆ,” ಎಂದು ನಕ್ಕಿದ್ದಳು.

ಇಂಥವಳಿಗೆ ನಮ್ಮ ಜನ ಒಂದು ಸನ್ಮಾನ ಮಾಡಬೇಕು ಎಂಬುದು ಮುರಿಗೆಪ್ಪನದೇ ಹಟ. ಕನ್ನಡ ಸಂಘದ ಅಧ್ಯಕ್ಷ ಲಕ್ಷ್ಮೀನಾರಾಯಣ, ನಿವೃತ್ತ ಎಂಜಿನಿಯರು, ಥಾರ್ನ್‌ಹಿಲ್ಲಿನವರು. ಅವರ ಬೆನ್ನು ಬಿದ್ದು ನವೆಂಬರಿನ ರಾಜ್ಯೋತ್ಸವಕ್ಕೆ ಒಪ್ಪಿಸಿದ. ಬಾಡಿಗೆ ಹಾಲಿನ ವೇದಿಕೆಗೆ ಐದು ಮೆಟ್ಟಿಲಿದ್ದವು.

“ಅಯ್ಯೋ, ಅದೇನ್ ದೊಡ್ ವಿಷ್ಯ ಮುರಿಗೆಪ್ಪನೋರೇ,” ಎಂದರು ಅಧ್ಯಕ್ಷರು. “ನಾಲ್ಕ್ ಜನ ವಾಲಂಟಿಯರ್ಸ್ ಇದಾರೆ. ಪಲ್ಲಕ್ಕಿ ಥರ ಎತ್ಕೊಂಡ್ ಹೋಗಿ ಕೂರಿಸಿದ್ರಾಯ್ತು. ಅದೂ ಒಂದು ಮರ್ಯಾದೇನೇ ಅಲ್ವಾ?”

ಹೌದಲ್ಲ ಎನಿಸಿತ್ತು ಅವನಿಗೂ. ಹಲಗೆ ಕೊಯ್ದು ಇಳಿಜಾರು ಮಾಡುವುದು ಅವನ ಕೈಗೆ ಒಂದು ಶನಿವಾರದ ಕೆಲಸ. ಮಾಡಲಿಲ್ಲ. ತೋಳು ಇವೆಯಲ್ಲ!

ಆ ದಿನ ವಿನೆಟ್ ಹಸಿರು ರೇಷ್ಮೆಯ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ನಾಲ್ಕು ಹಾಳೆ ಇಟ್ಟುಕೊಂಡು ಬಂದಿದ್ದಳು. ಭಾಷಣ. ಒಂದು ವಾರ ಮಾನ್ಯಾಳ ಜೊತೆ ಕೂತು ಬರೆದದ್ದು. ವೇದಿಕೆಯ ಮುಂದೆ ಬಂದು ಮೆಟ್ಟಿಲು ನೋಡಿ ಕುರ್ಚಿ ನಿಲ್ಲಿಸಿದಳು.

“ಇಲ್ಲೇ ಕೊಡಿ. ಇಲ್ಲಿಂದಲೇ ಮಾತಾಡುತ್ತೇನೆ.”

“ಕೆಳಗಡೆ ಹೆಂಗ್ರೀ ಆಗತ್ತೆ?” ಲಕ್ಷ್ಮೀನಾರಾಯಣರು ಮುರಿಗೆಪ್ಪನ ಕಿವಿಯಲ್ಲಿ ಪಿಸುಗುಟ್ಟಿದರು. “ಬ್ಯಾನರ್ ಮೇಲಿದೆ, ಫೋಟೋ ಮೇಲೆ, ಕಾನ್ಸುಲೇಟ್‌ನೋರು ಆಗ್ಲೇ ಕೂತಿದಾರೆ. ನಿಮ್ ಗೆಸ್ಟು, ನೀವೇ ಹೇಳಿ. ಟೈಮಿಲ್ಲ.”

ಆ ಬ್ಯಾಟರಿ ಕುರ್ಚಿಯನ್ನು ನಾಲ್ಕು ಜನವಲ್ಲ, ಎಂಟು ಜನ ಎತ್ತಿದರೂ ಏಳುವಂತಿರಲಿಲ್ಲ. ವಾಲಂಟಿಯರುಗಳು ಮುಖ ಮುಖ ನೋಡಿದರು. ಮುನ್ನೂರು ಜನ ನೋಡುತ್ತಿದ್ದರು. ಮುರಿಗೆಪ್ಪನ ನೆತ್ತಿಗೆ ರಕ್ತ ಏರಿತು. ಯಾರ ಮೇಲಿನ ಸಿಟ್ಟೋ ಅವನಿಗೇ ಗೊತ್ತಿಲ್ಲ. ಬಗ್ಗಿ ಒಂದು ತೋಳು ಆಕೆಯ ಬೆನ್ನ ಹಿಂದೆ, ಒಂದು ತೋಳು ಮೊಣಕಾಲ ಕೆಳಗೆ ಹಾಕಿ, ಮನೆಯಲ್ಲಿ ಮಗಳನ್ನು ಎತ್ತುವಂತೆ ಎತ್ತಿಬಿಟ್ಟ.

“ಬೇಡ,” ಎಂದಳು ಆಕೆ. “ಮುರ್ಗಿ, ಬೇಡ.” ಆಕೆ ಅವನನ್ನು ಹಾಗೇ ಕರೆಯುತ್ತಿದ್ದದ್ದು.

ಹಾಳೆಗಳು ಜಾರಿ ಬಿದ್ದವು. ಅಂಗಿ ಮೊಣಕಾಲ ಮೇಲಕ್ಕೆ ಸರಿದು ಕಡ್ಡಿಯಂಥ ಕಾಲುಗಳು ಕಂಡವು. ಜನ ಚಪ್ಪಾಳೆ ತಟ್ಟಿದರು.

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ತಲೆಗೆ ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟರು. ಮಾತಾಡಿ ಎಂದು ಮೈಕು ಕೊಟ್ಟಾಗ ಆಕೆ ತಲೆಯಾಡಿಸಿದಳು. ಆಮೇಲೆ ನಲವತ್ತು ನಿಮಿಷ ಬೇರೆಯವರ ಭಾಷಣ ನಡೆಯಿತು. ಅಷ್ಟು ಹೊತ್ತೂ ಆಕೆ ಪ್ಲಾಸ್ಟಿಕ್ ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಕೆಳಗೆ ಖಾಲಿ ನಿಂತಿದ್ದ ತನ್ನ ಕುರ್ಚಿಯನ್ನೇ ನೋಡುತ್ತ ಕೂತಿದ್ದಳು. ಎದ್ದು ಹೋಗುವಂತಿಲ್ಲ. ಹೋಗುವ ಕಾಲು ಕೆಳಗಿತ್ತು.

ಹೊರಡುವಾಗ ಆಕೆ ಹೇಳಿದ್ದು ಒಂದೇ ಮಾತು: “ನನ್ನ ಹಾಳೆ?” ಮುರಿಗೆಪ್ಪ ಕಾಣೆ ಎಂಬಂತೆ ಕೈಯಾಡಿಸಿದ. ಅವು ಅವನ ಜೇಬಿನಲ್ಲೇ ಇದ್ದವು. ಯಾವಾಗ ಹೆಕ್ಕಿಕೊಂಡಿದ್ದನೋ, ಆ ಗದ್ದಲದಲ್ಲಿ ಮರೆತಿದ್ದ. ಕೋಟು ಬಿಚ್ಚಿದಾಗ ಸಿಕ್ಕವು.

ಅದೇ ಸಂಜೆ ಮನೆಯಲ್ಲಿ ಅವನು ಕೂಗಾಡಿದ. “ಊರಿನ ಜನಾ ಎಲ್ಲಾ ಎದ್ದು ನಿಂತು ಮರ್ಯಾದಿ ಮಾಡಿದ್ರ, ಮಾರಿ ಗಂಟು ಹಾಕ್ಕೊಂಡು ಕೂಡೋದನ? ನಾ ಏನ್ ಆಕೀನ ಕೆಡವಿದೆನೇನ?”

ಮಾನ್ಯಾ ತನ್ನ ಗಾಲಿಕುರ್ಚಿಯಿಂದ ತಲೆಯೆತ್ತಿದಳು. ಅವಳ ಮಾತು ನಿಧಾನ. ಸಿಟ್ಟು ಬಂದರೆ ಇನ್ನೂ ನಿಧಾನ.

“ಅಪ್ಪಾ, ಶೀ ಸೆಡ್ ನೋ. ಎರಡು ಸಲ. ನೀ ಕೇಳಲೇ ಇಲ್ಲ.” ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. “ನನಗೂ ನೀ ಯಾವತ್ತೂ ಕೇಳಿಲ್ಲ. ನೆವರ್.”

ಅವನು ಬಾಗಿಲು ಬಡಿದುಕೊಂಡು ಹೊರಗೆ ಹೋದ. ಆಮೇಲಿನ ಮೂರು ತಿಂಗಳು ಲಾಬಿಯಲ್ಲಿ ಬ್ಯಾಟರಿ ಕುರ್ಚಿಯ ಸದ್ದು ಕೇಳಿದರೆ ಬಾಯ್ಲರು ಕೋಣೆಗೆ ನುಗ್ಗುತ್ತಿದ್ದ. ಹಾಳೆಗಳನ್ನು ಬಿಡಿಸಿ ನೋಡಲೂ ಇಲ್ಲ. ನೋಡಿದರೆ ಕೊಡಬೇಕಾಗುತ್ತಿತ್ತು.

ಆಕೆಯ ನೆನಪಿನ ಸಭೆ ಮುಂದಿನ ಶನಿವಾರ ಮಧ್ಯಾಹ್ನ ಕಟ್ಟಡದ ಕೆಳಗಿನ ಪಾರ್ಟಿ ಕೋಣೆಯಲ್ಲಿ ನಡೆಯಿತು. ಅಲ್ಲಿ ವೇದಿಕೆ ಇರಲಿಲ್ಲ. ಅರ್ಧ ಕೋಣೆಯಲ್ಲಿ ಕುರ್ಚಿಯನ್ನೇ ಹಾಕಿರಲಿಲ್ಲ. ತಮ್ಮ ಗಾಲಿಕುರ್ಚಿ ತಾವೇ ತಂದವರಿಗೆ ಆ ಜಾಗ. ಬ್ರಾಂಪ್ಟನ್ನಿನಿಂದ ಬಂದಿದ್ದ ಆಕೆಯ ತಂಗಿ ಮರ್ಲೀನ್ ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ಒಬ್ಬಳು ಸಂಜ್ಞೆಯಲ್ಲಿ ಎಲ್ಲವನ್ನೂ ಕಿವುಡರಿಗೆ ಹೇಳುತ್ತಿದ್ದಳು. ಜನ ಅತ್ತರು, ನಡುವೆ ಜೋರಾಗಿ ನಕ್ಕರು.

ಕರೆಯುವ ಮೊದಲೇ ಮುರಿಗೆಪ್ಪ ಎದ್ದು ನಿಂತ. ಒಳಜೇಬಿನಿಂದ ಹಾಳೆ ತೆಗೆದ. ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ:

“ಆಕೆ ಬೇಡ ಅಂದಳು. ನಾನು ಎತ್ತಿದೆ. ಜನರ ಮುಂದೆ ನನ್ನ ಮಾನ ಉಳಿಸಿಕೊಳ್ಳಲು ಎತ್ತಿದೆ. ಇದು ಆಕೆಯ ಮಾತು, ಆವತ್ತು ಆಡಲು ಬಿಡಲಿಲ್ಲ. ಮೂರು ತಿಂಗಳು ನನ್ನ ಹತ್ತಿರ ಇತ್ತು. ಆಕೆ ಕೇಳಿದರೂ ಕೊಡಲಿಲ್ಲ.”

 ಸಂಜ್ಞೆ ಮಾಡುವವಳ ಕೈಗಳು ನಿಂತವು. ಮರ್ಲೀನ್ ಅವನ ಎದುರು ಬಂದಳು.

“ನನಗೆ ಹೇಳಿದ್ದಳು. ನೀನು ಬರುತ್ತೀ ಅಂತ ಕಾದಳು. ಕ್ರಿಸ್‌ಮಸ್‌ಗೆ ನಿಮ್ಮ ಮನೆಗೆಂದು ಮೊಟ್ಟೆಯಿಲ್ಲದ ಕೇಕು ಮಾಡಿ ತೆಗೆದಿಟ್ಟಿದ್ದಳು. ಹೊಸ ವರ್ಷ ಕಳೆದ ಮೇಲೆ ಅದನ್ನು ನಾನೇ ತಿಂದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ಓದಿ. ಯಾರಾದರೂ ಓದಿ.”

ಮಾನ್ಯಾ ಕುರ್ಚಿಯನ್ನು ಮುಂದೆ ತಂದು ಕೈ ಚಾಚಿದಳು. ಅವಳು ಓದುವುದು ನಿಧಾನ. ಯಾರೂ ಅವಸರ ಮಾಡಲಿಲ್ಲ.

“ಎಲ್ಲರಿಗೂ ನಮಸ್ಕಾರ,” ಎಂದು ಕನ್ನಡದಲ್ಲೇ ಶುರುವಾಗಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಮುಂದಿನದೆಲ್ಲ ಇಂಗ್ಲಿಷು. “ಈ ಮಾತು ನನಗೆ ಮಾನ್ಯಾ ಕಲಿಸಿದಳು, ತಪ್ಪಿದ್ದರೆ ಅವಳನ್ನು ಹಿಡಿಯಿರಿ. ನೀವು ನನಗೆ ಶಾಲು ಹೊದಿಸುತ್ತೀರಂತೆ. ಒಂದು ಶಾಲು ಸಾಲದು. ಐವನ್ ಬ್ರೆಡ್‌ವುಡ್‌ಗೊಂದು ಬೇಕು. ಅವನು ಕಿವುಡ. ಹೆಂಡತಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಯಾರೂ ಅವನಿಗೆ ಏನೂ ತಿಳಿಸಲಿಲ್ಲ. ಆಮೇಲೆ ಆರು ವರ್ಷ, ಯಾವ ಕಿವುಡ ಕರೆದರೂ ಸಂಜ್ಞೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಓಡಿದ. ಐಸಿಲ್ಡಾಗೊಂದು ಬೇಕು. ಅವಳ ಮಗನಿಗೆ ಮಾತಿಲ್ಲ. ಬೀದಿಯಲ್ಲಿ ಪೊಲೀಸರು ಅವನನ್ನು ನೆಲಕ್ಕೆ ಒತ್ತಿ ಹಿಡಿದ ಮೇಲೆ, ಮಾತಿಲ್ಲದ ಕಪ್ಪು ಹುಡುಗನ ಎದುರು ಹೇಗೆ ನಿಲ್ಲಬೇಕೆಂದು ಅವಳು ಠಾಣೆಗೇ ಹೋಗಿ ಪಾಠ ಹೇಳಿದಳು. ನಮ್ಮ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ನಾವು ತೆಗೆಸಿದ ದಾರಿಯಲ್ಲಿ ತಳ್ಳುಗಾಡಿಯ ಮಕ್ಕಳು, ಕೋಲು ಹಿಡಿದ ಮುದುಕರು ದಿನಾ ಓಡಾಡುತ್ತಾರೆ. ಅಷ್ಟು ಸಾಕು.”

ಮುಂದಿನ ಸಾಲಿನಲ್ಲಿದ್ದ ಬೋಳುತಲೆಯ ಐವನ್ ಸಂಜ್ಞೆ ನೋಡಿ ಮುಖ ಮುಚ್ಚಿಕೊಂಡ. ಮಾನ್ಯಾ ಕೊನೆಯ ಹಾಳೆ ತಿರುವಿದಳು. ಓದದೆ ಅಪ್ಪನ ಕಡೆ ನೋಡಿದಳು. ಆಮೇಲೆ ಓದಿದಳು.

“ಇನ್ನೊಂದು ಶಾಲು ಮುರಿಗೆಪ್ಪನಿಗೆ. ಅವನು ನನ್ನನ್ನು ಅಕ್ಕ ಅನ್ನುತ್ತಾನೆ. ನಮ್ಮ ಇಳಿಜಾರಿಗೆ ಬೆಳಗಾಗುವ ಮೊದಲೇ ಉಪ್ಪು ಹಾಕುವವನು ಅವನು. ಅವನು ಒಂದು ದಿನ ಮರೆತರೆ ನನ್ನ ಹೋರಾಟವೆಲ್ಲ ಮಂಜಿನ ಕೆಳಗೆ. ಹದಿನಾರು ವರ್ಷದಲ್ಲಿ ಒಂದು ದಿನವೂ ಮರೆತಿಲ್ಲ.”

ಮುರಿಗೆಪ್ಪ ಗೋಡೆಗೆ ಒರಗಿ ನಿಂತ. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಸಂಜೆ ಮೂವರೂ ಹನ್ನೊಂದನೆಯ ಮಹಡಿಗೆ ಬಂದರು. ಹೊರಗಿಂದ ಬಂದ ಕೂಡಲೇ ಮಗಳನ್ನು ಕುರ್ಚಿಯಿಂದ ಎತ್ತಿ ಸೋಫಾದ ಮೇಲೆ ಮಲಗಿಸುವುದು ಅವನ ರೂಢಿ. ಬಗ್ಗಿದ. ತೋಳು ಚಾಚಿದವನು ಅಲ್ಲೇ ನಿಂತ.

“ಎತ್ತಲೇನವ್ವಾ?”

ಹತ್ತೊಂಬತ್ತು ವರ್ಷದಲ್ಲಿ ಕೇಳಿದ್ದು ಅದೇ ಮೊದಲು. ಮಾನ್ಯಾ ಅವನ ಮುಖ ನೋಡಲಿಲ್ಲ.

“ಬ್ಯಾಡ ಅಪ್ಪಾ. ಈಗ ಬ್ಯಾಡ.”

ಅವನು ತೋಳು ಹಿಂದಕ್ಕೆಳೆದುಕೊಂಡ. ಅವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಕಿಟಕಿಯಾಚೆ ಹಿಮ ಬೀಳತೊಡಗಿತ್ತು. ಕೋಟು ಹಾಕಿಕೊಂಡ. ಕೈ ತಾನಾಗಿ ಒಳಜೇಬಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೆಳಗಿಳಿದು ಹೋಗಿ ಉಪ್ಪಿನ ಬಕೆಟ್ಟು ಎತ್ತಿಕೊಂಡ.